ಮೂರು ಮಗ್ಗಗಳ ಕೆಳಗಿನ ತೊಟ್ಟಿಲು

ದಾವಣಗೆರೆಯಿಂದ ಚಿತ್ರದುರ್ಗದ ಬಸ್ಸು ಹತ್ತಿದಾಗ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡಿನ ಮೇಲೆ ಕಣ್ಣಾಡಿಸಿ ಶೂನ್ಯ ಟಿಕೆಟ್ ಹರಿದುಕೊಟ್ಟ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಮುಂದಿನ ಮೂವತ್ತು ಕಿಲೋಮೀಟರನ್ನೂ ಹಾಗೆಯೇ ಮುಗಿಸಿ ಚಳ್ಳಕೆರೆಯಲ್ಲಿ ಇಳಿದೆ. ಅಷ್ಟು ದೂರಕ್ಕೆ ನಾನು ಖರ್ಚು ಮಾಡಿದ್ದು ದುರ್ಗದ ನಿಲ್ದಾಣದಲ್ಲಿ ಕುಡಿದ ಒಂದು ಕಾಫಿಗೆ ಮಾತ್ರ. ಆ ಕಾಫಿ ಚೆನ್ನಾಗಿರಲಿಲ್ಲ ಎಂದು ಅಂದು ರಾತ್ರಿ ಬರೆದಿಟ್ಟಿದ್ದೇನೆ. ಈಗ ನೆನಸಿಕೊಂಡರೆ ಚೆನ್ನಾಗಿತ್ತೆಂದೇ ಅನ್ನಿಸುತ್ತದೆ. ನನ್ನ ನೆನಪು ಎಲ್ಲದಕ್ಕೂ ಸಕ್ಕರೆ ಹಾಕುತ್ತದೆ. ಅದಕ್ಕೇ ಊರು ಬಿಟ್ಟಾಗಲೆಲ್ಲ ದಿನದ ಕೊನೆಗೆ ನಾಲ್ಕು ಸಾಲು ಬರೆದಿಡುವುದು ರೂಢಿಯಾಗಿದೆ.

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಟ್ಟಡ ರಚನೆಯ ವಿಷಯ ಕಲಿಸುವವಳು. ಕುದಾಪುರದ ಬಳಿಯ ಒಂದು ತರಬೇತಿ ಆವರಣದಲ್ಲಿ ಯುವ ಇಂಜಿನಿಯರುಗಳಿಗೆ ಎರಡು ದಿನ ಪಾಠ ಹೇಳಲು ಕರೆದಿದ್ದರು. ಪರಮಾಣು ವಿದ್ಯುತ್ ಸ್ಥಾವರದ ಕಟ್ಟಡ ಮತ್ತು ಕೊಳವೆಗಳ ಮೇಲೆ ಒಂದಕ್ಕಿಂತ ಹೆಚ್ಚು ನಡುಕಗಳು ಒಟ್ಟಿಗೆ ಬಂದರೆ ಅವನ್ನು ಕೂಡಿಸುವುದು ಹೇಗೆ ಎಂಬುದು ಪಾಠ. ಪಾಠ ಶನಿವಾರ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಭಾನುವಾರ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ, ಅಲ್ಲಿನ ಅಶೋಕನ ಶಾಸನ ನೋಡಿ ಮನೆಗೆ ಮರಳುವುದೆಂದು ಯೋಜನೆ ಹಾಕಿಕೊಂಡಿದ್ದೆ. ಶಾಸನವನ್ನು ನಾನು ಇವತ್ತಿಗೂ ನೋಡಿಲ್ಲ.

ಚಳ್ಳಕೆರೆಯಲ್ಲಿ ಬಸ್ಸಿಳಿದರೆ ಮೂಗಿಗೆ ಮೊದಲು ಬರುವುದು ಶೇಂಗಾ ಎಣ್ಣೆಯ ವಾಸನೆ. ಮಿಲ್ಲುಗಳ ಮುಂದೆ ಶೇಂಗಾ ಸಿಪ್ಪೆಯ ಗುಡ್ಡೆಗಳು, ಅವುಗಳ ಮೇಲೆ ಕುಳಿತ ಕಾಗೆಗಳು. ಆವರಣದ ಕಾರು ನಿಲ್ದಾಣದ ಎದುರೇ ನಿಂತಿತ್ತು. ಚಾಲಕ ನಾಗರಾಜ ಮೂವತ್ತರ ಆಸುಪಾಸಿನವನು. ನನ್ನ ಚೀಲ ತೆಗೆದುಕೊಳ್ಳುತ್ತಾ, "ಭಾಳ ತೂಕ ಐತಲ್ಲ ಮೇಡಮ್ಮಾರೇ, ಬಾಂಬೇನಾದ್ರೂ ಇಟ್ಟೀರೇನು? ನೀವು ಅಣು ಪಾಠ ಹೇಳೋರು ಅಂದ್ರು," ಎಂದ. ಅದರಲ್ಲಿದ್ದದ್ದು ಲ್ಯಾಪ್‌ಟಾಪು ಮತ್ತು ಮೇಜಿನ ಅಂಚಿಗೆ ಬಿಗಿದು ನಡುಕ ತೋರಿಸಲು ಇಟ್ಟುಕೊಂಡಿದ್ದ ಎರಡು ಉಕ್ಕಿನ ಪಟ್ಟಿಗಳು. ಹೇಳಿದೆ. "ಅಷ್ಟೇನಾ," ಎಂದು ಅವನು ನಿರಾಸೆಪಟ್ಟ.

ನಾಯಕನಹಟ್ಟಿ ರಸ್ತೆಯಲ್ಲಿ ಊರು ಬೇಗ ಮುಗಿದುಹೋಗುತ್ತದೆ. ಆಮೇಲೆ ಕಾವಲು. ವರವು ಕಾವಲಿನ ಹುಲ್ಲು ಆಗಲೇ ಒಣಗಿ ಕುರಿಯ ಬೆನ್ನಿನ ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಕಣ್ಣು ಹೋಗುವಷ್ಟು ದೂರಕ್ಕೂ ಸರಕಾರಿ ಸಂಶೋಧನಾ ಸಂಸ್ಥೆಗಳ ಗೋಡೆ. ಗೋಡೆಯ ಈಚೆ ಒಂದು ಕುರಿ ಹಿಂಡು ನಿಂತಿತ್ತು. ಕಾಯುವವನು ಕಂಬಳಿ ಹೊದ್ದು, ಗೋಡೆಗೇ ಒರಗಿ ಮೊಬೈಲು ನೋಡುತ್ತಿದ್ದ.

ಪಾಠದ ಸಾರವನ್ನು ಇಲ್ಲಿ ಹೇಳಲೇಬೇಕು, ಮುಂದೆ ಬೇಕಾಗುತ್ತದೆ. ಸ್ಥಾವರದ ಒಂದು ಕೊಳವೆಯನ್ನು ಭೂಕಂಪ ಅಲುಗಿಸುತ್ತದೆ ಎಂದುಕೊಳ್ಳಿ. ಅದೇ ಹೊತ್ತಿಗೆ ಒತ್ತಡ ಇಳಿಸುವ ಕವಾಟ ತೆರೆದುಕೊಂಡು, ಹಬೆ ನುಗ್ಗಿ, ಅದೂ ಅಲುಗಿಸುತ್ತದೆ. ಒಂದರ ಗರಿಷ್ಠ ಪೆಟ್ಟು ಮೂರು, ಇನ್ನೊಂದರದು ನಾಲ್ಕು. ನೇರವಾಗಿ ಕೂಡಿಸಿದರೆ ಏಳು. ಆದರೆ ಎರಡೂ ತಮ್ಮ ಗರಿಷ್ಠವನ್ನು ಒಂದೇ ಗಳಿಗೆಯಲ್ಲಿ ಮುಟ್ಟುವುದು ಅಪರೂಪ. ಒಂದು ಏರುವಾಗ ಇನ್ನೊಂದು ಇಳಿಯುತ್ತಿರಬಹುದು. ಆದ್ದರಿಂದ ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುವ ಪದ್ಧತಿಯಿದೆ. ಮೂರರ ವರ್ಗ ಒಂಬತ್ತು, ನಾಲ್ಕರದು ಹದಿನಾರು, ಕೂಡಿದರೆ ಇಪ್ಪತ್ತೈದು, ಅದರ ಮೂಲ ಐದು. ಏಳಕ್ಕೆ ಕಟ್ಟಬೇಕೋ ಐದಕ್ಕೋ ಎಂಬುದೇ ಪ್ರಶ್ನೆ. ಎಲ್ಲದಕ್ಕೂ ಏಳೆಂದರೆ ಕೊಳವೆಯ ಆಧಾರಗಳು ಬೇಡದಷ್ಟು ಬಿಗಿಯಾಗುತ್ತವೆ. ಕೊಳವೆ ಬಿಸಿಯಾಗಿ ಹಿಗ್ಗಲು ಜಾಗ ಸಾಲದೆ ಆ ಬಿಗಿಯೇ ಬೇರೆ ಕೇಡು ತರಬಹುದು. ಹಾಗಾಗಿ ಐದೆನ್ನುವುದು ಸೋಮಾರಿತನವಲ್ಲ. ಆದರೆ ಐದೆನ್ನಲು ಕಾರಣ ಕೊಡಬೇಕು.

ಶುಕ್ರವಾರ ಪಾಠ ಮುಗಿಯುವ ಹೊತ್ತಿಗೆ ರಾಯಚೂರಿನ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಭೂಕಂಪ ಆಗಿದ್ದಕ್ಕೇ ಕವಾಟ ತೆರೀತು ಅಂದ್ಕೊಳ್ಳಿ. ಎರಡಕ್ಕೂ ಮೂಲ ಒಂದೇ ಆಯ್ತಲ್ಲ. ಆಮೇಲೂ ಬೇರೆಬೇರೆ ಅಂತ ಹ್ಯಾಗೆ ವರ್ಗಮೂಲ ತೆಗೀತೀರಿ?" ಒಳ್ಳೆಯ ಪ್ರಶ್ನೆ. ಮೂಲ ಒಂದೇ ಆದರೂ ಎರಡರ ಲಯ ಬೇರೆ, ಪೆಟ್ಟು ಬೀಳುವ ಗಳಿಗೆಗಳು ಬೇರೆ, ಅದೇ ಮುಖ್ಯ ಎಂದೆ. ಗಳಿಗೆಗಳು ಒಂದಕ್ಕೊಂದು ಕಟ್ಟುಬಿದ್ದಿದ್ದರೆ ಮಾತ್ರ ನೇರವಾಗಿ ಕೂಡಿಸಬೇಕು ಎಂದೂ ಹೇಳಿದೆ. ಹೇಳಿದೆನೆಂದೇ ನನ್ನ ನಂಬಿಕೆ. ಆದರೆ ಅದೇ ಹೊತ್ತಿಗೆ ಊಟದ ಗಂಟೆ ಹೊಡೆಯಿತು, ಕುರ್ಚಿಗಳು ಸರಿದವು. ಅಂದು ರಾತ್ರಿ ಬರೆಯಲು ಕೂತಾಗ ಆ ಎರಡನೆಯ ವಾಕ್ಯವನ್ನು ಬಾಯಿಬಿಟ್ಟು ಹೇಳಿದೆನೋ ಮನಸ್ಸಿನಲ್ಲೇ ಹೇಳಿಕೊಂಡೆನೋ ಖಾತ್ರಿಯಾಗಲಿಲ್ಲ.

ಹೊರಗೆ ಬಿಸಿಲೆಂದು ನಾಗರಾಜನೂ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದ. ಶನಿವಾರ ಪಾಠ ಮುಗಿಸಿ ಕಾರು ಹತ್ತಿದಾಗ ಅವನು, "ಮೇಡಮ್ಮಾರೇ, ನೀವು ಆ ಪಟ್ಟಿ ಅಲ್ಲಾಡ್ಸಿ ತೋರ್ಸಿದ್ರಲ್ಲ, ಅದು ಮನೆಗೂ ಲಾಗೂ ಆಗ್ತದಾ?" ಎಂದು ಕೇಳಿದ.

"ಯಾವ ಮನೆಗೆ?"

"ನಮ್ಮಕ್ಕಂದು. ಮೊಳಕಾಲ್ಮುರಾಗೆ. ಮ್ಯಾಲೆ ಮೂರು ಪವರ್‌ಲೂಮ್ ಹಾಕ್ಯವ್ರೆ. ಕೆಳಗೆ ಕಲ್ಲುಚಪ್ಪಡಿ ಮಾಳಿಗಿ. ನಾಕನೇದು ರಾಂಪುರದಾಗೆ ನೋಡಿಟ್ಟವ್ನೆ ನಮ್ ಭಾವ. ಬರೋ ವಾರ ತರ್ತೀನಿ ಅಂತ ಕುಣೀತಾನೆ. ಅಕ್ಕ ಬ್ಯಾಡ ಅಂತಾಳೆ. ಮಗಳು ಬಾಣಂತನಕ್ಕೆ ಬಂದವ್ಳೆ, ಮಗ್ಗದ ಕೆಳಗೇ ಬಾಣಂತಿ ಕ್ವಾಣೆ. ನೀವು ಬಂದು ಒಂದು ಮಾತು ಹೇಳಿಬಿಟ್ರೆ ಇಬ್ಬರ ಜಗಳ ನಿಲ್ತದೆ."

ಒಂದು ಮಾತು ಹೇಳುವುದು ನನ್ನ ವೃತ್ತಿಯವರಿಗೆ ಎಷ್ಟು ಕಷ್ಟವೆಂದು ಅವನಿಗೆ ತಿಳಿದಿರಲಿಲ್ಲ. ಆದರೂ ಒಪ್ಪಿದೆ. ಹೇಗೂ ಬೆಟ್ಟ ಅದೇ ದಿಕ್ಕಿನಲ್ಲಿತ್ತು.

ಚಳ್ಳಕೆರೆಗೆ ಮರಳಿ ಬಳ್ಳಾರಿ ಹೆದ್ದಾರಿ ಹಿಡಿದೆವು. ತಳಕು, ಹಿರೇಹಳ್ಳಿ, ಬಿ.ಜಿ.ಕೆರೆ ದಾಟಿದೆವು. ಎರಡೂ ಬದಿಗೆ ಕಿತ್ತ ಶೇಂಗಾ ಬಳ್ಳಿಯ ಬಣವೆಗಳು, ದೂರದ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು. ಹಾನಗಲ್ ಕ್ರಾಸಿನಲ್ಲಿ ಹೆದ್ದಾರಿ ನೇರ ರಾಂಪುರದ ಕಡೆಗೆ ಹೋಯಿತು, ನಾವು ಬಲಕ್ಕೆ ಹೊರಳಿದೆವು. ಅಲ್ಲೊಂದು ಹೋಟೆಲಿನಲ್ಲಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಮಂಡಕ್ಕಿ ಒಗ್ಗರಣೆಯನ್ನು ನಾವು ದಾವಣಗೆರೆಯವರು ನಮ್ಮದೇ ಎಂದುಕೊಂಡಿದ್ದೇವೆ. ಇಲ್ಲಿ ಅದಕ್ಕೆ ಉದುರಿಸುವ ಪುಟಾಣಿ ಹಿಟ್ಟಿನಿಂದ ಅದು ಬೇರೆಯದೇ ತಿಂಡಿಯಾಗಿತ್ತು. ಹೋಟೆಲಿನವನು ನಮ್ಮೊಡನೆ ಕನ್ನಡ, ಒಲೆಯ ಮುಂದಿದ್ದವಳೊಡನೆ ತೆಲುಗು, ಹಾಲು ತಂದವನೊಡನೆ ಉರ್ದು ಆಡುತ್ತಿದ್ದ. ಮೂರರಲ್ಲೂ ಅವನು ಒಂದೇ ವಿಷಯಕ್ಕೆ ಬೈಯುತ್ತಿದ್ದಂತೆ ಕಂಡಿತು.

ಬಂಡೆಗಳ ನಡುವೆ ಕೂತ ಊರು ಮೊಳಕಾಲ್ಮುರು. ಸರೋಜಮ್ಮನ ಮನೆಯ ಓಣಿಗೆ ತಿರುಗಿದಾಗಲೇ ಸದ್ದು ಕೇಳಿತು. ಕೆಲವು ಮನೆಗಳಿಂದ ಕೈಮಗ್ಗದ ನಿಧಾನದ ಸದ್ದು, ಈ ಒಂದು ಮನೆಯ ಮೇಲಿನಿಂದ ಬಿಡುವಿಲ್ಲದ ಟಕಟಕ. ಮನೆ ಹಳೆಯದು. ದಪ್ಪ ಗೋಡೆ, ಗೋಡೆಯಿಂದ ಗೋಡೆಗೆ ಹಾಸಿದ ಉದ್ದನೆಯ ಕಲ್ಲುಚಪ್ಪಡಿಗಳು, ಅವುಗಳ ಸಂದಿಗೆ ಗಾರೆ. ಆ ಮಾಳಿಗೆಯ ಮೇಲೆ ಈಚೆಗೆ ಎಬ್ಬಿಸಿದ ಶೀಟಿನ ಸೂರು. ಮಗ್ಗಗಳು ಅಲ್ಲಿ.

ಸರೋಜಮ್ಮ ಕೈಗೆ ನೀರು ಕೊಟ್ಟರು. ಐವತ್ತಕ್ಕೆ ಹತ್ತಿರದ ಹೆಂಗಸು, ರವಿಕೆಯ ತೋಳಿನ ಮೇಲೆ ರೇಷ್ಮೆ ಎಳೆಗಳು ಅಂಟಿದ್ದವು. ತಮ್ಮನ ಕಡೆ ತಿರುಗಿ, "ನೀನು ನಿಜವಾಗ್ಲೂ ಕರ್ಕಂಡು ಬರ್ತೀಯ ಅಂತ ಅಂದ್ಕಂಡಿರ್ಲಿಲ್ಲ ಕಣೋ. ಬರೀ ಬಾಯಿಮಾತಿನೋನು," ಎಂದರು. ಮೇಲಿನಿಂದ ಇಳಿದುಬಂದ ಅವರ ಗಂಡ ರಾಮಾಂಜಿ ನನ್ನನ್ನೂ ನನ್ನ ಚೀಲವನ್ನೂ ನೋಡಿ ನಾಗರಾಜನಿಗೆ, "ಲೇ ನಾಗ, ಅಕ್ಕನ ಪಾರ್ಟಿಗೆ ಇಂಜಿನಿಯರ್ನೇ ಕರ್ಕಂಡ್ ಬಂದ್ಬಿಟ್ಟೆ ಏನಲೇ?" ಎಂದು ನಕ್ಕರು. ಆಮೇಲೆ ನನ್ನೆಡೆಗೆ, "ನೋಡ್ರಿ ಮೇಡಮ್ಮಾರೇ, ನೋಡ್ರಿ. ಮೂರು ವರ್ಷದಿಂದ ಆಡ್ತಾ ಐತೆ. ಏನೂ ಆಗಿಲ್ಲ. ಆಗೋದೂ ಇಲ್ಲ. ನೀವೂ ಅದನ್ನೇ ಹೇಳ್ತೀರಿ," ಎಂದರು.

"ತೊಟ್ಟಿಲ ಮ್ಯಾಗೆ ಮಣ್ಣು ಉದುರ್ತದಲ್ಲ, ಅದೇನು ಆಕಾಶದಿಂದ ಬೀಳ್ತದಾ?" ಎಂದರು ಸರೋಜಮ್ಮ.

"ಊರ್ಕೋ," ಎಂದರು ರಾಮಾಂಜಿ ತೆಲುಗಿನಲ್ಲಿ. ಸುಮ್ಮನಿರು ಎಂದರ್ಥ ಎಂದು ನಾಗರಾಜ ನನ್ನ ಕಿವಿಯಲ್ಲಿ ಹೇಳಿದ. ಅವನು ಹೇಳದಿದ್ದರೂ ಆ ಧ್ವನಿಯಿಂದಲೇ ತಿಳಿಯುತ್ತಿತ್ತು. ಸರೋಜಮ್ಮ ಸುಮ್ಮನಾಗಲಿಲ್ಲ.

ಬಾಣಂತಿಯ ಕೋಣೆ ಮನೆಯ ಒಳಗಿನ ಕೊನೆಯದು, ಗಾಳಿಯಾಡದ್ದು. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಹರಳೆಣ್ಣೆಯ ವಾಸನೆ. ಮಗಳು ಪವಿತ್ರ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ಇನ್ನೂ ಹೆಸರಿಡದ ಹೆಣ್ಣುಮಗು ಪಕ್ಕದ ಮರದ ತೊಟ್ಟಿಲಲ್ಲಿ ಮಲಗಿತ್ತು. "ಇಷ್ಟು ಸದ್ದಿನಲ್ಲಿ ನಿದ್ದೆ ಬರುತ್ತದಾ?" ಎಂದು ಕೇಳಿದೆ. "ಮಗ್ಗ ನಿಂತ್ರೇ ಎದ್ದು ಅಳ್ತಾಳೆ ಆಂಟಿ. ಆಡ್ತಾ ಇದ್ರೆ ನೆಮ್ಮದಿ," ಎಂದಳು.

ಮೊಬೈಲಿನಲ್ಲಿ ನಡುಕ ಅಳೆಯುವ ಒಂದು ಆ್ಯಪ್ ಇದೆ. ಪ್ರಯೋಗಾಲಯದ ಉಪಕರಣವಲ್ಲ, ಆದರೆ ಒಂದನ್ನೊಂದಕ್ಕೆ ಹೋಲಿಸಲು ಸಾಕು. ಮಾಳಿಗೆಯ ಮೇಲೆ, ತೊಟ್ಟಿಲಿರುವ ಜಾಗದ ನೇರಕ್ಕೆ ಮೊಬೈಲನ್ನು ಚಪ್ಪಡಿಗೆ ಅಂಟಿಸಿದೆ. ಹೊಕ್ಕಿನ ಅಡ್ಡ ನೂಲನ್ನು ಬಟ್ಟೆಗೆ ಒತ್ತಿ ಬಡಿಯುವ ಭಾರದ ಹಲಗೆ ಪ್ರತಿ ಮಗ್ಗದಲ್ಲೂ ಹಿಂದೆ ಮುಂದೆ ಓಡುತ್ತದೆ. ನೆಲಕ್ಕೆ ಪೆಟ್ಟು ಕೊಡುವುದು ಅದೇ. ಮೊದಲು ಒಂದೇ ಮಗ್ಗ ಆಡಿಸಲು ಹೇಳಿದೆ. ಆಮೇಲೆ ಎರಡು. ಆಮೇಲೆ ಮೂರೂ. ರಾಮಾಂಜಿ ಒಂದರ ಹ್ಯಾಂಡಲ್ ಎಳೆದು, ನೂಲು ನೋಡಿ, ನಡೆದುಹೋಗಿ ಇನ್ನೊಂದನ್ನು ಎಳೆಯುತ್ತಿದ್ದರು. ಒಂದೇ ಮಗ್ಗದ ನಡುಕವನ್ನು ಒಂದು ಎಂದಿಟ್ಟುಕೊಂಡರೆ, ಮೂರೂ ಆಡಿದಾಗ ಬಂದದ್ದು ಎರಡಕ್ಕಿಂತಲೂ ಕಡಿಮೆ. ಮೂರು ಒಂದುಗಳ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಬರುವಷ್ಟೇ. ಹಿಂದಿನ ದಿನ ಕಪ್ಪುಹಲಗೆಯ ಮೇಲೆ ಬರೆದದ್ದು ಇಲ್ಲಿ ಕಾಲಡಿಯಲ್ಲಿ ಆಡುತ್ತಿತ್ತು. ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು.

ಕೆಳಗಿಳಿದು, ಚಪ್ಪಡಿಗಳಲ್ಲಿ ಬಿರುಕು ಕಾಣುತ್ತಿಲ್ಲ, ನಡುಕವೂ ಅಷ್ಟೇನೂ ಇಲ್ಲ, ಗಾರೆ ಮಾತ್ರ ಹಳೆಯದಾಗಿದೆ ಎಂದೆ. "ನಾಲ್ಕನೆಯದರ ಬಗ್ಗೆ ನಾಳೆ ಲೆಕ್ಕ ಹಾಕಿ ಹೇಳುತ್ತೇನೆ," ಎಂದು ಸೇರಿಸಿದೆ. ರಾಮಾಂಜಿ ಹೆಂಡತಿಯ ಮುಖ ನೋಡಿದರು. ಸರೋಜಮ್ಮ ನನ್ನ ಮುಖ ನೋಡಿದರು. ನಾನು ಅವರ ಪಕ್ಷದ ಇಂಜಿನಿಯರಲ್ಲ ಎಂದು ಅವರಿಗೆ ಆಗ ತಿಳಿದಂತಿತ್ತು.

"ನಾಳೆ ಅಮಾಸೆ ರೀ. ಮಗ್ಗ ಹಿಡಿಯಲ್ಲ," ಎಂದರು ರಾಮಾಂಜಿ. "ಬೆಳಿಗ್ಗೆ ಪೂಜೆ ಮಾಡಿ, ಎಲ್ಲಾ ಮಗ್ಗದಾಗೂ ಒಂದು ಗೇಣು ನೇಯ್ದು ಬಿಡೋದು. ಆಮೇಲೆ ರಜ. ಪೂಜೆಗೆ ಬರ್ರಿ, ಹೋಳಿಗಿ ಊಟ ಮಾಡಿ ಹೋಗೀರಂತೆ."

ಬಸ್ ನಿಲ್ದಾಣದ ಬಳಿಯ ಲಾಡ್ಜಿನಲ್ಲಿ ಉಳಿದೆ. ಹಾಸಿಗೆ ಸ್ವಚ್ಛವಾಗಿತ್ತು, ಫ್ಯಾನಿಗೆ ಒಂದೇ ವೇಗ. ಭಾನುವಾರ ಬೆಳಿಗ್ಗೆ ಕಿಟಕಿಯಿಂದ ಬಂಡೆಗಳ ಆಚೆ ಒಂದು ಬೆಟ್ಟ ಕಂಡಿತು. ಜಟಿಂಗ ರಾಮೇಶ್ವರ ಅದೇ ಇರಬೇಕೆಂದುಕೊಂಡೆ. ಲಾಡ್ಜಿನವನು ಅಲ್ಲವೆಂದ, ಕೋಣೆ ಗುಡಿಸುವಾಕೆ ಹೌದೆಂದಳು. ಪೂಜೆ ಮುಗಿದ ಮೇಲೆ ಹೋದರಾಯಿತೆಂದು ಸರೋಜಮ್ಮನ ಮನೆಗೆ ನಡೆದೆ.

ಮಗ್ಗಗಳನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದರು. ನಾನು ಸ್ವಲ್ಪ ಹೊತ್ತು ಮೇಲೆ ನಿಂತಿದ್ದು, ನಿನ್ನೆಯ ಜಾಗದಲ್ಲೇ ಮೊಬೈಲು ಅಂಟಿಸಿ, ಗಾರೆಯನ್ನು ಇನ್ನೊಮ್ಮೆ ನೋಡೋಣವೆಂದು ಕೆಳಗೆ ಪವಿತ್ರಳ ಕೋಣೆಗೆ ಬಂದೆ. ಅವಳು ಮಗುವನ್ನು ಆಗತಾನೇ ತೊಟ್ಟಿಲಿಗೆ ಹಾಕಿದ್ದಳು. ಮೇಲೆ ಗಂಟೆಯ ಸದ್ದು. ಕಾಯಿ ಒಡೆದ ಸದ್ದು. "ಹೂಂ, ಹಿಡೀರಿ!" ಎಂದು ರಾಮಾಂಜಿ ಕೂಗಿದ್ದು ಕೇಳಿತು.

ನಿನ್ನೆ ಕೇಳಿದ ಟಕಟಕ ಇದಾಗಿರಲಿಲ್ಲ. ಒಂದೇ ಒಂದು ದೊಡ್ಡ ಒನಕೆ ಮಾಳಿಗೆಯನ್ನು ಕುಟ್ಟಿದ ಹಾಗೆ ಧಡ್, ಧಡ್, ಧಡ್. ಗೂಡಿನಲ್ಲಿದ್ದ ಸ್ಟೀಲು ಲೋಟಗಳು ಕಿಣಿಕಿಣಿ ಎಂದವು. ತೊಟ್ಟಿಲ ಹಗ್ಗ ನಡುಗುವುದು ಕಣ್ಣಿಗೆ ಕಾಣುತ್ತಿತ್ತು. ಪವಿತ್ರ, "ಪ್ರತಿ ಅಮಾಸೆಗೂ ಹಿಂಗೇ ಆಂಟಿ, ಒಂದ್ ಚೂರು ಹೊತ್ತು. ಮೂರೂ ಒಟ್ಟಿಗೆ ಬಿಡ್ತಾರಲ್ಲ," ಎಂದಳು. ಆ ಮಾತು ನನಗೆ ಪೂರ್ತಿ ಅರ್ಥವಾಗುವ ಮೊದಲೇ ಎರಡು ಚಪ್ಪಡಿಗಳ ಸಂದಿಯಿಂದ ಗಾರೆಯ ಚಕ್ಕೆಯೊಂದು ಕಳಚಿ, ತೊಟ್ಟಿಲ ಅಂಚಿಗೆ ತಗುಲಿ ನೆಲಕ್ಕೆ ಬಿತ್ತು. ಮಗು ಏಳಲಿಲ್ಲ.

ಪವಿತ್ರ ಮಗುವನ್ನು ಎತ್ತಿಕೊಂಡಳು. ಇಬ್ಬರನ್ನೂ ಕೋಣೆಯಿಂದ ಹೊರಗೆ ಕಳಿಸಿ ನಾನು ಮೆಟ್ಟಿಲೇರಿದೆ. ನಿಲ್ಲಿಸಿ ಎಂದು ಕೂಗಿದ್ದು ಯಾರಿಗೂ ಕೇಳಲಿಲ್ಲ. ಕೈಬೀಸಿದೆ. ಒಂದೊಂದು ಮಗ್ಗದ ಮುಂದೆ ಒಬ್ಬೊಬ್ಬರು, ರಾಮಾಂಜಿ, ಸರೋಜಮ್ಮ, ನಾಗರಾಜ, ಹ್ಯಾಂಡಲ್ ಹಿಡಿದು ನಿಂತಿದ್ದರು. ಮೂರು ಹಲಗೆಗಳೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ, ಕವಾಯತು ಮಾಡುವವರ ಹಾಗೆ. ಸರೋಜಮ್ಮ ನನ್ನನ್ನು ನೋಡಿದ್ದೇ ತಮ್ಮದನ್ನು ನಿಲ್ಲಿಸಿದರು. ಉಳಿದವರೂ ನಿಲ್ಲಿಸಿದರು.

"ಗೇಣು ಆಗಿಲ್ಲ!" ಎಂದರು ರಾಮಾಂಜಿ, ಮೊದಲ ಮಾತಿಗೇ. "ಗೇಣು ಮುಗೀದೆ ನಿಲ್ಲಿಸ್ಬಾರ್ದು ರೀ."

ಸರೋಜಮ್ಮ ಅಷ್ಟರಲ್ಲಿ ಅರ್ಧ ಮೆಟ್ಟಿಲು ಇಳಿದಾಗಿತ್ತು.

ಮೊಬೈಲಿನಲ್ಲಿ ದಾಖಲಾದದ್ದನ್ನು ಪಡಸಾಲೆಯಲ್ಲಿ ಕೂತು ನೋಡಿದೆ. ಒಂದೇ ಮಗ್ಗದ್ದು ಒಂದಾದರೆ ಇದು ಮೂರಕ್ಕೆ ಹತ್ತಿರ. ನೇರ ಕೂಡಿಕೆ. ನಿನ್ನೆ ರಾಮಾಂಜಿ ಒಂದರಿಂದ ಒಂದಕ್ಕೆ ನಡೆದುಹೋಗಿ ಎಳೆದಿದ್ದರು, ಗಳಿಗೆಗಳು ಬೇರೆಬೇರೆಯಾಗಿದ್ದವು. ಇವತ್ತು ಮೂರು ಹಲಗೆಗಳನ್ನೂ ಒಂದೇ ಕಡೆಗೆ ಸರಿಸಿಟ್ಟು, ಒಂದೇ ಕೂಗಿಗೆ ಎಳೆದಿದ್ದರು. ಮೂಲ ಒಂದು, ಲಯ ಒಂದು, ಗಳಿಗೆಯೂ ಒಂದು. ಒಟ್ಟಿಗೆ ಹಿಡೀಬೇಕೆಂಬುದು ರಾಮಾಂಜಿಯ ಅಪ್ಪನ ಕಾಲದ ಪದ್ಧತಿ. ಆಗ ಇದ್ದದ್ದು ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ. ಅದನ್ನು ಎಷ್ಟು ಜನ ಒಟ್ಟಿಗೆ ಹಿಡಿದರೂ ಭೂಮಿಗೆ ಏನೂ ಆಗುತ್ತಿರಲಿಲ್ಲ. ಮಗ್ಗ ಮಾಳಿಗೆಗೆ ಹತ್ತಿದಾಗ ಪದ್ಧತಿಯೂ ಜೊತೆಗೇ ಹತ್ತಿತ್ತು.

ಮಗುವನ್ನು ಮಡಿಲಲ್ಲಿಟ್ಟುಕೊಂಡು ಸರೋಜಮ್ಮ ಕೇಳಿದರು. "ಈಗ್ಲಾದ್ರೂ ಹೇಳ್ರಿ ಮೇಡಮ್ಮಾರೇ. ನಿನ್ನೆ ಏನೂ ಇಲ್ಲ ಅಂದ್ರಿ."

ನಿನ್ನೆ ಅಳೆದದ್ದು ಸುಳ್ಳಲ್ಲ, ಆದರೆ ಅದು ನಿನ್ನೆಯದು ಮಾತ್ರ ಎಂದೆ. ರಾಮಾಂಜಿ ಮಧ್ಯೆ ಬಂದರು. "ಅಂದ್ರೆ ಒಟ್ಟಿಗೆ ಬಿಡ್ಬಾರ್ದು, ಅಷ್ಟೇ ತಾನೆ? ಒಂದಾದ ಮ್ಯಾಲೆ ಒಂದು ಬಿಟ್ರೆ ಏನೂ ಇಲ್ಲ. ನಾಕನೇದೂ ತರಬೌದು."

ಅದು ಅಷ್ಟು ಸರಳವಲ್ಲ. ಮಗ್ಗಗಳು ಒಂದೇ ಕಂಪನಿಯವಾದರೂ ಅವುಗಳ ವೇಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ಹಾಗಾಗಿ ಬೇರೆಬೇರೆ ಗಳಿಗೆಯಲ್ಲಿ ಬಿಟ್ಟರೂ ನಡುವೆ ಎಂದೋ ಒಮ್ಮೆ ತಾವಾಗಿಯೇ ಜೊತೆಗೂಡುತ್ತವೆ, ಸ್ವಲ್ಪ ಹೊತ್ತು ಒಟ್ಟಿಗೆ ಬಡಿದು ಮತ್ತೆ ಬೇರ್ಪಡುತ್ತವೆ. ನಿನ್ನೆ ನಾನು ಅಳೆದ ಹೊತ್ತಿನಲ್ಲಿ ಹಾಗಾಗಿರಲಿಲ್ಲ. ಆಗುವುದೇ ಇಲ್ಲವೆಂದಲ್ಲ. ಅಪರೂಪದ ಆ ಗಳಿಗೆಯನ್ನು ಎಷ್ಟರ ಮಟ್ಟಿಗೆ ಬದಿಗಿಡಬಹುದೆಂದು ಎರಡು ದಿನ ಇಪ್ಪತ್ತು ಜನರಿಗೆ ಪಾಠ ಹೇಳಿ ಬಂದವಳು ನಾನು. ಈ ಪಡಸಾಲೆಯಲ್ಲಿ ಕೂತು ಬದಿಗಿಡಲಾಗಲಿಲ್ಲ. ಅದು ಲೆಕ್ಕವೋ, ಎದುರಿಗಿದ್ದ ಮಗುವೋ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಸ್ಥಾವರದ ಕೊಳವೆಯನ್ನು ಎಷ್ಟೆಲ್ಲ ಪರೀಕ್ಷಿಸಿರುತ್ತಾರೆ, ಅದರ ಉಕ್ಕು ಮುರಿಯುವ ಮುಂಚೆ ಬಾಗುತ್ತದೆ. ಈ ಚಪ್ಪಡಿಯ ಬಗ್ಗೆ ನನಗೆ ತಿಳಿದದ್ದು ಏನೂ ಇಲ್ಲ, ಕಲ್ಲು ಬಾಗುವುದೂ ಇಲ್ಲ, ಮುರಿಯುವಾಗ ಹೇಳಿ ಮುರಿಯುವುದಿಲ್ಲ. ಇವು ಗಟ್ಟಿ ಕಾರಣಗಳೇ. ಆದರೆ ನನಗೆ ಮೊದಲು ಹೊಳೆದದ್ದು ಕಾರಣವೋ ತೀರ್ಮಾನವೋ ಎಂದು ಪ್ರಮಾಣ ಮಾಡಿ ಹೇಳಲಾರೆ.

"ನಾಲ್ಕನೆಯದು ಬೇಡ," ಎಂದೆ. "ಚಪ್ಪಡಿಗಳ ನಡುವಿಗೆ ಕೆಳಗಿನಿಂದ ಉಕ್ಕಿನ ತೊಲೆ, ಕಂಬ ಕೊಡಿಸಬೇಕು. ನಮ್ಮ ಕಾಲೇಜಿನಿಂದ ಬಂದು ಅಳತೆ ತೆಗೆದು ನಕ್ಷೆ ಮಾಡಿಕೊಡುತ್ತೇನೆ. ಅದಾಗುವವರೆಗೆ ಈ ಕೋಣೆಯಲ್ಲಿ ಯಾರೂ ಮಲಗಬಾರದು. ಕಂಬ ಬಂದಮೇಲೂ ಮೂರನ್ನು ಒಟ್ಟಿಗೆ ಬಿಡಬೇಡಿ."

ರಾಂಪುರದ ಮಗ್ಗದ ಮೇಲೆ ರಾಮಾಂಜಿ ಎಷ್ಟು ಆಸೆ ಕಟ್ಟಿದ್ದರೆಂದು ಅವರ ಮುಂದಿನ ಮಾತಿನಲ್ಲಿ ಗೊತ್ತಾಯಿತು. "ಕಂಬ ಕೊಟ್ಟಮ್ಯಾಲೆ ನಾಕನೇದು?" ಎಂದರು.

"ಆಗ ಮತ್ತೆ ಅಳೆಯುತ್ತೇನೆ. ಈಗ ಹೂಂ ಅನ್ನಲಾರೆ."

"ಆಯ್ತು ಬಿಡ್ರಿ," ಎಂದರು. ಮತ್ತೆ ನೆನಪಾದವರಂತೆ ಮೇಲೆ ನೋಡಿ, "ಆದ್ರೆ ಗೇಣು? ಅರ್ಧಕ್ಕೆ ನಿಂತೈತೆ. ಒಬ್ಬೊಬ್ರೇ ಬಿಟ್ರೆ ಅದು ಪೂಜೆ ಆಗಲ್ಲ. ಎಲ್ಲಾರ ಕೈಯೂ ಒಂದೇ ಸಾರಿ ಬೀಳ್ಬೇಕು. ಅಪ್ಪ ಹಂಗೇ ಮಾಡ್ತಿದ್ದ."

ಸರೋಜಮ್ಮ ಮಗುವನ್ನು ಪವಿತ್ರಳ ಕೈಗಿತ್ತು ಎದ್ದರು. "ಎಲ್ಲಾರ ಕೈ ಬೀಳ್ಬೇಕು, ಅಷ್ಟೇ ಅಲ್ಲೇನು? ಒಂದೇ ಹ್ಯಾಂಡಲ್ ಮ್ಯಾಲೆ ಬೀಳ್ಲಿ. ಎಲ್ಲಾ ಮಗ್ಗಕ್ಕೂ ಹಂಗೇ ಮಾಡನ. ನಿಮ್ಮಪ್ಪ ಬಂದು ಕೇಳಿದ್ರೆ ನಾನು ಹೇಳ್ತೀನಿ."

"ನಿಮ್ಮಪ್ಪ ಇದ್ದಾಗ್ಲೂ ಅಕ್ಕಂದೇ ಮಾತು ನಡೀತಿತ್ತು ಬಿಡು ಭಾವ," ಎಂದ ನಾಗರಾಜ.

"ನೀನು ಬಾಯ್ಮುಚ್ಚಲೇ," ಎಂದರು ರಾಮಾಂಜಿ. ಆದರೆ ನಗುತ್ತಿದ್ದರು.

ಮೊದಲು ಪವಿತ್ರಳ ಮಂಚ, ತೊಟ್ಟಿಲು, ಸಾಂಬ್ರಾಣಿ ಬುಟ್ಟಿ ಎಲ್ಲ ಹೊರಬಂದವು. ಎದುರು ಮನೆ ರಾಮಾಂಜಿಯ ತಂಗಿಯದು. ಅದಕ್ಕೆ ಮಾಳಿಗೆಯಿಲ್ಲ, ಹೆಂಚಿನ ಸೂರು. ಗಾಳಿಯಾಡುತ್ತದೆ, ಬಾಣಂತಿಗೆ ಆಗದು ಎಂದು ಓಣಿಯ ಹೆಂಗಸರು ಗೊಣಗಿದರು. ಸರೋಜಮ್ಮ ಕಿಟಕಿಗೆ ಕಂಬಳಿ ಹೊಡೆಸಿ ಅವರ ಬಾಯಿಗೂ ಮುಚ್ಚಳ ಹಾಕಿದರು. ನಾಲ್ಕು ಮಂದಿ ತೊಟ್ಟಿಲು ಹಿಡಿದು ಓಣಿ ದಾಟಿಸಿದ್ದು ಒಂದು ಸಣ್ಣ ಮೆರವಣಿಗೆಯಂತಿತ್ತು. ಮಗು ಎದ್ದು ಅಳುತ್ತಿತ್ತು.

ಮತ್ತೆ ಮಾಳಿಗೆ ಹತ್ತಿದೆವು. ಮೊದಲ ಮಗ್ಗದ ಹ್ಯಾಂಡಲ್ ಮೇಲೆ ರಾಮಾಂಜಿಯ ಕೈ, ಅದರ ಮೇಲೆ ಸರೋಜಮ್ಮನದು, ಮೇಲೆ ನಾಗರಾಜನದು. "ನೀವೂ ಹಾಕ್ರಿ," ಎಂದರು ರಾಮಾಂಜಿ. ನಾನೂ ಹಾಕಿದೆ. ಎಳೆದೆವು. ಅದು ಆಡತೊಡಗಿದ ಮೇಲೆ ಎರಡನೆಯದಕ್ಕೆ ಹೋದೆವು, ಆಮೇಲೆ ಮೂರನೆಯದಕ್ಕೆ. ಸರೋಜಮ್ಮ ಅಳೆದ ಗೇಣು ಚಿಕ್ಕದೆಂದು ರಾಮಾಂಜಿ ತಮ್ಮ ಕೈಯಿಂದಲೇ ಮತ್ತೆ ಅಳೆದು, ಇನ್ನೂ ನಾಲ್ಕು ಬೆರಳು ಹೆಚ್ಚು ನೇಯಿಸಿದರು.

ಹೋಳಿಗೆ ಊಟವಾಗುವ ಹೊತ್ತಿಗೆ ಬೆಟ್ಟ ಹತ್ತುವ ಸಮಯ ಮೀರಿತ್ತು. ಊಟಕ್ಕೆ ಕಾಯುತ್ತಿದ್ದಾಗ ರಾಯಚೂರಿನ ಹುಡುಗಿಗೆ ಮೊಬೈಲಿನಲ್ಲಿ ಬರೆದೆ. ಗಳಿಗೆಗಳು ಕಟ್ಟುಬಿದ್ದಿದ್ದರೆ ನೇರವಾಗಿ ಕೂಡಿಸಬೇಕು ಎಂದು ನಾನು ಶುಕ್ರವಾರ ಹೇಳಿದೆನೇ, ಇಲ್ಲವೇ? ಅವಳ ಉತ್ತರ ಬೇಗ ಬಂತು. "ಹೇಳಿದ್ರಿ ಮೇಡಂ. ಆದರೆ ಗಂಟೆ ಹೊಡೀತಿತ್ತು. ಮುಂದಿನ ಸಾಲಿನವರಿಗೆ ಮಾತ್ರ ಕೇಳಿರಬೇಕು." ಹಾಗಿದ್ದರೆ ಉಳಿದವರಿಗೂ ತಲುಪಿಸೆಂದು ಅವಳಿಗೆ ಮೊಬೈಲಿನಲ್ಲಿದ್ದ ಮೂರು ದಾಖಲೆಗಳನ್ನು ಕಳಿಸಿದೆ. ಒಂದೇ ಮಗ್ಗದ್ದು, ನಿನ್ನೆಯ ಮೂರರದ್ದು, ಇಂದಿನ ಮೂರರದ್ದು.

ಗಾರೆಯ ಚಕ್ಕೆಯ ಗಾತ್ರದ ಬಗ್ಗೆ ಮಾತ್ರ ಯಾವ ದಾಖಲೆಯೂ ಇಲ್ಲ. ನನ್ನ ಬರಹದಲ್ಲಿ ಅದು ಎರಡು ರೂಪಾಯಿ ನಾಣ್ಯದಷ್ಟಿದೆ. ಚಳ್ಳಕೆರೆಯವರೆಗೆ ನನ್ನನ್ನು ಬಿಡಲು ಹೊರಟ ನಾಗರಾಜ, ಓಣಿಯಲ್ಲಿ ಸಿಕ್ಕವರಿಗೆಲ್ಲ ಅಂಗೈ ಅಗಲ ತೋರಿಸುತ್ತಿದ್ದ. ಪವಿತ್ರ ಅದನ್ನು ಗುಡಿಸಿ ಹಾಕಿದ್ದಳು.

ನಾಗರಾಜ ಕಾರು ತಿರುಗಿಸುವಾಗ ಓಣಿಯ ಕೊನೆಯಲ್ಲಿ ನಿಂತಿದ್ದೆ. ಗೇಣು ಮುಗಿದ ಮೇಲೆ ರಜವೆಂದಿದ್ದರೂ ಮೇಲಿನಿಂದ ಮೂರೂ ಮಗ್ಗಗಳ ಸದ್ದು ಬರುತ್ತಿತ್ತು. ಹೊಸ ಜಾಗದಲ್ಲಿ ಮಗು ಅಳು ನಿಲ್ಲಿಸಲಿಲ್ಲವೆಂದು ಸರೋಜಮ್ಮನೇ ಅಮಾವಾಸ್ಯೆಯ ರಜೆ ಮುರಿಸಿದ್ದರಂತೆ. ಈ ಸಲ ರಾಮಾಂಜಿಯೇ ಮೇಲೆ ಹತ್ತಿ ಒಂದೊಂದಾಗಿ ಬಿಟ್ಟರಂತೆ. ಸದ್ದುಗಳು ಒಂದರ ಹಿಂದೊಂದು, ಬಿಡಿಬಿಡಿಯಾಗಿ ಕೇಳುತ್ತಿದ್ದವು. ಕೇಳುತ್ತಿದ್ದಂತೆ ಅವು ಹತ್ತಿರ ಹತ್ತಿರ ಬಂದವು, ಎರಡಾದವು, ಆಮೇಲೆ ಒಂದೇ ಆಗಿ ಧಡ್ ಧಡ್ ಎಂದವು. ನಾನು ತಲೆಯೆತ್ತಿ ಮಾಳಿಗೆಯ ಕಡೆ ನೋಡಿದೆ. ನಾಗರಾಜ ಹಾರ್ನ್ ಹೊಡೆದ. ಎದುರು ಮನೆಯ ಹೊಸ್ತಿಲಲ್ಲಿ 'ಉಶ್' ಎಂದು ಬಾಯಿಗೆ ಬೆರಳಿಟ್ಟು ಸರೋಜಮ್ಮ ಅವನನ್ನು ಗದರಿಸಿದರು. ಅವರ ಹಿಂದೆ, ಹೆಂಚಿನ ಸೂರಿನ ಕೆಳಗೆ, ತೊಟ್ಟಿಲು ಸದ್ದಿಲ್ಲದೆ ತೂಗುತ್ತಿತ್ತು. ಮಗ್ಗಗಳು ಮತ್ತೆ ಬಿಡಿಬಿಡಿಯಾಗುವವರೆಗೆ ನಿಂತಿದ್ದು ಕಾರು ಹತ್ತಿದೆ.